ಫ್ಯಾಟಿ ಲಿವರ್ ಅಂತ ರಿಪೋರ್ಟ್ ಬಂದ ಮೇಲೆ ಮಲೆನಾಡಿನ ಮನೆಯಲ್ಲಿ ಏನೇನು ಬದಲಾಗಬೇಕು?

ಸಾಗರದವ

ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರೂ ರಿಪೋರ್ಟಿನ ಕೊನೆಯಲ್ಲಿ "ಗ್ರೇಡ್ 1 ಫ್ಯಾಟಿ ಲಿವರ್" ಎಂಬ ಸಾಲು ಕಾಣುವುದು ಈಗ ಸಾಮಾನ್ಯವಾಗಿದೆ. ನೋವಿಲ್ಲ, ಮಾತ್ರೆಯೂ ಇಲ್ಲ. "ತೂಕ ಇಳಿಸಿ, ಎಣ್ಣೆ ಕಮ್ಮಿ ಮಾಡಿ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಮನೆಗೆ ಬಂದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ನಮ್ಮ ಕಡೆ ಕರಿದದ್ದನ್ನು ದಿನಾ ಯಾರೂ ತಿನ್ನುವುದಿಲ್ಲ, ಆದರೂ ಲಿವರಿಗೆ ಕೊಬ್ಬು ಎಲ್ಲಿಂದ ಬಂತು? ಬೆಲ್ಲ ಆಗುತ್ತದೋ ಇಲ್ಲವೋ? ಕಾಫಿ ಬಿಡಬೇಕೋ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಿಂದ ಹೊರಗೆ ಕಾಲಿಡಲಾಗದ ಊರಲ್ಲಿ ನಡಿಗೆ ಹೇಗೆ? ನೆಲನೆಲ್ಲಿ, ಅಮೃತಬಳ್ಳಿ ಕಷಾಯದಿಂದ ಉಪಯೋಗ ಉಂಟೋ? ವಿಷಯ ತಿಳಿದವರು ಅಳತೆ ಸಮೇತ ಬರೆಯಿರಿ. "ಮಿತವಾಗಿ ತಿನ್ನಿ" ಅಂದರೆ ಅಡುಗೆಮನೆಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.

ಲ್ಯಾಬ್ ಮೇಜು, ಶಿವಮೊಗ್ಗ

ಮೊದಲು ರಿಪೋರ್ಟ್ ಓದುವುದನ್ನು ಸರಿಮಾಡಿಕೊಳ್ಳೋಣ. ಗ್ರೇಡ್ 1, 2, 3 ಎನ್ನುವುದು ಸ್ಕ್ಯಾನಿಂಗ್ ಪರದೆಯ ಮೇಲೆ ಲಿವರ್ ಎಷ್ಟು ಬೆಳ್ಳಗೆ ಕಂಡಿತು ಎಂಬುದರ ಅಂದಾಜು. ನೋಡುವ ವೈದ್ಯರು ಬದಲಾದರೆ ಗ್ರೇಡೂ ಬದಲಾಗಬಹುದು. ಲಿವರಿನ ಜೀವಕೋಶಗಳಲ್ಲಿ 5%ಗಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಸೇರಿದ್ದರೆ ಅದು ಫ್ಯಾಟಿ ಲಿವರ್. ಆದರೆ ಕೊಬ್ಬು 20ರಿಂದ 30% ಮುಟ್ಟುವವರೆಗೆ ಸಾಧಾರಣ ಸ್ಕ್ಯಾನಿಂಗಿಗೆ ಅದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ "ಗ್ರೇಡ್ 1 ತಾನೆ" ಎಂದು ಬದಿಗಿಡುವ ವಿಷಯ ಇದಲ್ಲ.

ನಿಜವಾಗಿ ಗೊತ್ತಾಗಬೇಕಾದದ್ದು ಲಿವರಿನಲ್ಲಿ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಶುರುವಾಗಿದೆಯೇ ಎಂಬುದು. ಅದಕ್ಕೆ ಫಿಬ್-4 ಎಂಬ ಸುಲಭ ಲೆಕ್ಕವಿದೆ. ಇದಕ್ಕೆ ಬೇಕಾದ ಎಎಸ್‌ಟಿ, ಎಎಲ್‌ಟಿ ಎನ್ನುವುದು ಲಿವರಿನ ರಕ್ತಪರೀಕ್ಷೆಯಲ್ಲಿ ಬರುವ ಎರಡು ಕಿಣ್ವಗಳ ಅಳತೆ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ. ಎಎಸ್‌ಟಿಯನ್ನು ಎಸ್‌ಜಿಒಟಿ ಎಂದೂ ಎಎಲ್‌ಟಿಯನ್ನು ಎಸ್‌ಜಿಪಿಟಿ ಎಂದೂ ನಮ್ಮ ಕಡೆ ಬರೆಯುತ್ತಾರೆ. ಉದಾಹರಣೆಗೆ ವಯಸ್ಸು 48, ಎಎಸ್‌ಟಿ 44, ಎಎಲ್‌ಟಿ 64, ಪ್ಲೇಟ್‌ಲೆಟ್ 2.1 ಲಕ್ಷ ಇದೆ ಎಂದುಕೊಳ್ಳಿ. 48 × 44 = 2112. 210 × 8 = 1680. ಉತ್ತರ 1.26. 1.3ಕ್ಕಿಂತ ಕಡಿಮೆ ಇದ್ದರೆ ಗಟ್ಟಿ ಕಲೆ ಇರುವ ಸಂಭವ ಕಡಿಮೆ. 2.67 ದಾಟಿದರೆ ತಜ್ಞರನ್ನು ಕಾಣಲೇಬೇಕು. ನಡುವೆ ಬಂದರೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್, ಮಾಡಿಸಬೇಕಾಗುತ್ತದೆ. 65 ದಾಟಿದವರಿಗೆ ಕೆಳಗಿನ ಗಡಿ 2.0.

ಇಲ್ಲಿ ಜನ ಎಡವುವುದು ಪ್ಲೇಟ್‌ಲೆಟ್‌ನಲ್ಲಿ. 2.1 ಲಕ್ಷ ಎಂದಿದ್ದರೆ ಲೆಕ್ಕಕ್ಕೆ 210 ಹಾಕಬೇಕು, 2.1 ಅಲ್ಲ, 2,10,000ವೂ ಅಲ್ಲ. ಡೆಂಗಿ ಅಥವಾ ಬೇರೆ ಜ್ವರ ಬಂದು ಪ್ಲೇಟ್‌ಲೆಟ್ ಇಳಿದಿರುವ ವಾರದಲ್ಲಿ ಈ ಲೆಕ್ಕ ಹಾಕಿದರೆ ಸುಮ್ಮನೆ ಗಾಬರಿಯಾಗುತ್ತದೆ. ಹಿಂದಿನ ದಿನ ಅಡಿಕೆ ಮೂಟೆ ಹೊತ್ತಿದ್ದರೆ, ಜಿಮ್‌ನಲ್ಲಿ ಭಾರ ಎತ್ತಿದ್ದರೆ ಸ್ನಾಯುವಿನಿಂದಲೇ ಎಎಸ್‌ಟಿ ಏರಿರುತ್ತದೆ. ರಕ್ತ ಕೊಡುವ ಮುಂಚೆ ಎರಡು ಮೂರು ದಿನ ಅಂಥ ಕೆಲಸ ಬೇಡ. 35ಕ್ಕಿಂತ ಚಿಕ್ಕವರಿಗೆ ಈ ಲೆಕ್ಕ ಅಷ್ಟು ನಂಬಲರ್ಹವಲ್ಲ.

ಇನ್ನೊಂದು ಮಾತು. ಲ್ಯಾಬಿನ ಹಾಳೆಯಲ್ಲಿ ಎಎಲ್‌ಟಿಗೆ 40ರವರೆಗೆ "ನಾರ್ಮಲ್" ಎಂದು ಅಚ್ಚಾಗಿರುತ್ತದೆ. ಆರೋಗ್ಯವಂತ ಗಂಡಸರಲ್ಲಿ ಅದು 33ರ ಒಳಗೆ, ಹೆಂಗಸರಲ್ಲಿ 25ರ ಒಳಗೆ ಇರುತ್ತದೆ. ಎಎಲ್‌ಟಿ ಪೂರ್ತಿ ಸರಿಯಿದ್ದೂ ಲಿವರಿನಲ್ಲಿ ಕೊಬ್ಬು ಇರಬಹುದು.

ಅಡುಗೆ ಅಳತೆ

ಕರಿದದ್ದು ತಿನ್ನದವರ ಲಿವರಿಗೆ ಕೊಬ್ಬು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಇಡೀ ಚರ್ಚೆಯ ಬುಡ ಅಲ್ಲೇ ಇದೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಫ್ಯಾಟಿ ಲಿವರ್ ಇರುವವರ ಲಿವರಿನ ಕೊಬ್ಬಿನ ಮೂಲ ಹುಡುಕಿದ ಒಂದು ಅಮೆರಿಕನ್ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸುಮಾರು 60% ಬಂದದ್ದು ಮೈಯಲ್ಲಿ ಮೊದಲೇ ಸೇರಿದ್ದ ಕೊಬ್ಬು ರಕ್ತಕ್ಕೆ ಇಳಿದದ್ದರಿಂದ. ಕಾಲು ಭಾಗದಷ್ಟನ್ನು ಸಕ್ಕರೆ, ಪಿಷ್ಟದಿಂದ ಲಿವರ್ ತಾನೇ ತಯಾರಿಸಿತ್ತು. ಊಟದ ಎಣ್ಣೆ ತುಪ್ಪದಿಂದ ನೇರವಾಗಿ ಬಂದದ್ದು ಸುಮಾರು 15% ಮಾತ್ರ. ಅಂದರೆ ಬರೀ ಒಗ್ಗರಣೆ ಎಣ್ಣೆ ಕಡಿಮೆ ಮಾಡಿ, ಕಾಫಿಯ ಸಕ್ಕರೆ ಮತ್ತು ತಟ್ಟೆಯ ಅನ್ನ ಹಾಗೇ ಇಟ್ಟರೆ ಕೆಲಸ ಆಗುವುದಿಲ್ಲ.

ಸಕ್ಕರೆಯ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯ ಎಲ್ಲ ಭಾಗವೂ ಬಳಸುತ್ತದೆ. ಫ್ರಕ್ಟೋಸಿನ ಬಹುಪಾಲು ಹೊರೆ ಲಿವರಿನ ಮೇಲೇ ಬೀಳುತ್ತದೆ. ಬೇಕಾದ್ದಕ್ಕಿಂತ ಹೆಚ್ಚಾದದ್ದನ್ನು ಅದು ಕೊಬ್ಬು ಮಾಡಿಡುತ್ತದೆ.

ಈಗ ಕಾಫಿ ಲೋಟದ ಲೆಕ್ಕ. ಮಟ್ಟಸವಾದ ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ ಎಂದರೆ 32 ಗ್ರಾಂ. ತಿಂಗಳಿಗೆ ಒಬ್ಬರ ಕಾಫಿಗೇ ಹತ್ತಿರ ಹತ್ತಿರ ಒಂದು ಕಿಲೋ ಸಕ್ಕರೆ! ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 50 ಗ್ರಾಂ ಒಳಗೆ, ಸಾಧ್ಯವಾದರೆ 25ರ ಒಳಗೆ ಇರಲಿ ಎನ್ನುತ್ತದೆ. ಅದರಲ್ಲಿ ಬಿಸ್ಕತ್ತು, ಬೇಕರಿ ಬನ್ನು, ಶರಬತ್ತು, ಜೇನುತುಪ್ಪ ಎಲ್ಲ ಸೇರಬೇಕು. ಒಮ್ಮೆಲೇ ಬಿಟ್ಟರೆ ನಾಲಿಗೆ ಒಪ್ಪುವುದಿಲ್ಲ. ವಾರಕ್ಕೆ ಲೋಟಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲ್ಕು ವಾರದಲ್ಲಿ ಸೊನ್ನೆ. ಈ ನಾಲ್ಕು ವಾರ ಡಿಕಾಕ್ಷನ್ನನ್ನು ಸ್ವಲ್ಪ ತಿಳಿ ಮಾಡಿ. ಕಡು ಕಹಿ ಇರುವ ಕಾಫಿಗೆ ಕೈ ತಾನಾಗಿ ಸಕ್ಕರೆ ಡಬ್ಬಿಗೆ ಹೋಗುತ್ತದೆ.

ಹೊಸನಗರದ ಓದುಗಿ

ಅಕ್ಕ, ಸಕ್ಕರೆ ಬದಲು ಜೋನಿ ಬೆಲ್ಲ ಆಗಬಹುದಲ್ಲ? ಆಲೆಮನೆಯಿಂದ ನೇರ ಬಂದದ್ದು, ಕೆಮಿಕಲ್ ಇಲ್ಲದ್ದು.

ಅಡುಗೆ ಅಳತೆ

ಲಿವರಿನ ಮಟ್ಟಿಗೆ ಆಗುವುದಿಲ್ಲ ತಂಗಿ. ಕಬ್ಬಿನ ಹಾಲು ಕುದಿಸಿ ಇಳಿಸಿದ್ದರಲ್ಲಿ ಸ್ವಲ್ಪ ಕಬ್ಬಿಣ, ಪೊಟ್ಯಾಸಿಯಂ ಉಳಿದಿರುತ್ತದೆ ನಿಜ. ಆದರೆ ಅಚ್ಚು ಬೆಲ್ಲದ ಹೆಚ್ಚಿನ ಪಾಲು ಸಕ್ಕರೆಯೇ. ಜೋನಿ ಬೆಲ್ಲದಲ್ಲಿ ನೀರಿನಂಶ ಹೆಚ್ಚು, ಅಷ್ಟೇ ವ್ಯತ್ಯಾಸ. ತೊಂದರೆ ಏನೆಂದರೆ ಜೋನಿ ಬೆಲ್ಲವನ್ನು ಯಾರೂ ಚಮಚದಲ್ಲಿ ಅಳೆಯುವುದಿಲ್ಲ. ದೋಸೆ, ಕಡುಬಿನ ಮೇಲೆ ಸುರಿದುಕೊಳ್ಳುತ್ತೇವೆ. ಎರಡು ದೋಸೆಗೆ ನಾಲ್ಕು ಊಟದ ಚಮಚ ಸುಲಭವಾಗಿ ಹೋಗುತ್ತದೆ. ಹಬ್ಬಕ್ಕೆ, ಆಲೆಮನೆ ಕಾಲಕ್ಕೆ ಇರಲಿ. ದಿನಾ ಬೆಳಗಿನ ತಿಂಡಿಗೆ ಬೇಡ. ಮುರುಗಲು ಶರಬತ್ತಿಗೂ ಇದೇ ಮಾತು. ಹಣ್ಣಿನ ಸಿಪ್ಪೆಯಲ್ಲಿ ದೋಷವಿಲ್ಲ, ಅದಕ್ಕೆ ಸುರಿಯುವ ಸಕ್ಕರೆಯಲ್ಲಿದೆ. ಉಪ್ಪು, ಜೀರಿಗೆ ಹಾಕಿ ಸಾರಿನ ಹಾಗೆ ಕುಡಿಯಿರಿ.

ಇಡೀ ಹಣ್ಣಿಗೆ ಹೆದರಬೇಡಿ. ನಾರಿನ ಜೊತೆ ನಿಧಾನವಾಗಿ ಇಳಿಯುವ ಫ್ರಕ್ಟೋಸ್ ಬೇರೆ, ಜ್ಯೂಸ್ ಮಾಡಿ ಒಂದೇ ಗುಟುಕಿಗೆ ಕುಡಿಯುವುದು ಬೇರೆ. ಹಲಸಿನ ಹಣ್ಣಾದರೆ ಐದಾರು ತೊಳೆಗೆ ನಿಲ್ಲಿಸಿ, ಊಟದ ಮೇಲೆ ಅಲ್ಲ, ಮಧ್ಯಾಹ್ನದ ತಿಂಡಿಯ ಬದಲಿಗೆ.

ಅನ್ನದ ವಿಷಯ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ ಅಥವಾ ಗಂಜಿ. ನಾಲ್ಕೂ ಅಕ್ಕಿಯೇ. ಬೆಳಗಿನಿಂದ ಸಂಜೆತನಕ ಗದ್ದೆಯಲ್ಲಿ ಇರುತ್ತಿದ್ದ ಮೈಗೆ ಅದು ಸರಿಹೋಗುತ್ತಿತ್ತು. ಈಗ ಕೂತು ಕೆಲಸ ಮಾಡುವವರಿಗೆ ಒಂದು ಹೊತ್ತಿಗೆ 60 ಗ್ರಾಂ ಅಕ್ಕಿ ಸಾಕು. ಬೆಂದರೆ 150ರಿಂದ 180 ಗ್ರಾಂ ಅನ್ನವಾಗುತ್ತದೆ. ಮೊದಲ ವಾರ ತಕ್ಕಡಿಯಲ್ಲಿ ತೂಗಿ ಒಂದು ಬಟ್ಟಲನ್ನು ಗುರುತು ಮಾಡಿಕೊಳ್ಳಿ, ಆಮೇಲೆ ಬಟ್ಟಲೇ ಅಳತೆ. ಕುಚ್ಚಲಕ್ಕಿ ಬೆಳ್ತಿಗೆಗಿಂತ ಸ್ವಲ್ಪ ನಿಧಾನಕ್ಕೆ ಜೀರ್ಣವಾಗುತ್ತದೆ. ಆದರೆ ಅದೇ ನೆಪದಲ್ಲಿ ಎರಡು ಸೌಟು ಜಾಸ್ತಿ ಹಾಕಿಕೊಂಡರೆ ಲಾಭವೆಲ್ಲ ಹೋಯಿತು.

ಅನ್ನ ಇಳಿಸಿದ ಜಾಗ ಖಾಲಿ ಬಿಟ್ಟರೆ ರಾತ್ರಿ ಹತ್ತಕ್ಕೆ ಹಸಿವಾಗಿ ಬಿಸ್ಕತ್ತಿನ ಡಬ್ಬಿ ತೆರೆಯುತ್ತದೆ. ಹೆಚ್ಚಿನವರ ಪಥ್ಯ ಮುರಿಯುವುದು ಅಲ್ಲೇ. ಆ ಜಾಗಕ್ಕೆ ಕಾಳು ಬರಬೇಕು. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಆದರೆ ಹುರುಳಿ ಕಟ್ಟಿನ ಸಾರು ಮಾಡಿ ಕಾಳನ್ನು ದನಕ್ಕೆ ಹಾಕಿದರೆ ಪ್ರೋಟೀನಿನ ಹೆಚ್ಚಿನ ಪಾಲು ದನಕ್ಕೇ. ಕಾಳನ್ನೇ ಉಸುಳಿ ಮಾಡಿ, ತಲೆಗೆ ಒಣ ಕಾಳು 40 ಗ್ರಾಂ. ಮೀನು ತಿನ್ನುವವರಿಗೆ ಘಟ್ಟ ಹತ್ತಿ ಬರುವ ಭೂತಾಯಿ, ಬಂಗುಡೆ ಚಿನ್ನದಂಥದು, ಸಾರು ಮಾಡಿದರೆ. ರವೆ ಹೊರಳಿಸಿ ಕರಿದರೆ ಅಲ್ಲ.

ಕಾಯಿ ಬಗ್ಗೆಯೂ ಹೇಳಲೇಬೇಕು. ಅರ್ಧ ತೆಂಗಿನಕಾಯಿಯ ತುರಿ ಸುಮಾರು 150 ಗ್ರಾಂ, ಅದರಲ್ಲಿ 50 ಗ್ರಾಂ ಕೊಬ್ಬು, ಅದೂ ಬಹುಪಾಲು ಗಟ್ಟಿ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್). ಬೇಕಾದ್ದಕ್ಕಿಂತ ಹೆಚ್ಚು ತಿಂದಾಗ ಗಟ್ಟಿ ಕೊಬ್ಬು ಲಿವರಿನಲ್ಲಿ ಬೇಗ ಸೇರುತ್ತದೆ. ನಾಲ್ಕು ಜನರ ಮನೆಗೆ ದಿನಕ್ಕೆ ಅರ್ಧ ಕಾಯಿ, ಎಲ್ಲ ಸೇರಿ ತಿಂಗಳಿಗೆ ಎರಡು ಲೀಟರ್ ಒಳಗೆ ಎಣ್ಣೆ ಎಂದು ಇಟ್ಟುಕೊಳ್ಳಿ. ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಿನ ಬೀಜದಿಂದ ತೆಗೆಯುವ ತುಪ್ಪವೂ ಗಟ್ಟಿ ಕೊಬ್ಬೇ.

ತೋಟದ ದಾರಿ, ತೀರ್ಥಹಳ್ಳಿ

ಕಾಫಿ ಬಿಡದು ಬೇಡ ಅಲ್ದಾ ಹಂಗಾರೆ?

ಅಡುಗೆ ಅಳತೆ

ಬೇಡವೇ ಬೇಡ. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಲಿವರಿನ ಕಲೆ, ಸಿರೋಸಿಸ್ (ಕಲೆ ಹೆಚ್ಚಾಗಿ ಲಿವರ್ ಗಟ್ಟಿಯಾಗುವುದು) ಕಡಿಮೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಆದರೆ ಅದು ಕಾಫಿಯ ಗುಣ, ಚಿಕೋರಿಯದ್ದಲ್ಲ. ಪೊಟ್ಟಣದ ಮೇಲೆ ಚಿಕೋರಿ ಎಷ್ಟು ಎಂದು ಬರೆದಿರುತ್ತದೆ, 49%ವರೆಗೆ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಪೂರ್ತಿ ಕಾಫಿ, ಇಲ್ಲವೇ 80–20 ಕೇಳಿ ತನ್ನಿ. ನಿದ್ದೆ ಕೆಡುವವರು ಮಧ್ಯಾಹ್ನ ಮೂರರ ಮೇಲೆ ಬೇಡ. ಬಸುರಿಯರು ಎರಡು ಸಣ್ಣ ಲೋಟಕ್ಕೆ ನಿಲ್ಲಿಸಬೇಕು.

ಜಗಲಿ ನಡಿಗೆ

ಮೇಲೆ ಹೇಳಿದ 60% ಕೊಬ್ಬು ಮೈಯಲ್ಲಿ ಸೇರಿದ್ದರಿಂದ ಬರುವುದನ್ನು ತಡೆಯಬೇಕಾದರೆ ಸ್ನಾಯು ಕೆಲಸ ಮಾಡಬೇಕು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ. ಮಾತಾಡಬಹುದು, ಹಾಡಲಾಗದು, ಅಷ್ಟು ವೇಗ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಿವರಿನ ಕೊಬ್ಬು ಸ್ವಲ್ಪ ಇಳಿಯುತ್ತದೆ ಎಂಬುದು ಚೆನ್ನಾಗಿ ರುಜುವಾತಾದ ವಿಷಯ. ಹಾಗಾಗಿ ತಕ್ಕಡಿ ಮುಳ್ಳು ಅಲ್ಲಾಡಲಿಲ್ಲ ಎಂದು ಎರಡು ವಾರಕ್ಕೆ ಬಿಟ್ಟುಬಿಡಬೇಡಿ.

ಮಳೆಗಾಲಕ್ಕೆ ಜಗಲಿಯೇ ದಾರಿ. ಉಂಬಳದ (ಜಿಗಣೆಯ) ಕಾಟವೂ ಇಲ್ಲ. ಜಗಲಿ 30 ಅಡಿ ಇದ್ದರೆ ಒಮ್ಮೆ ಹೋಗಿ ಬಂದದ್ದು 18 ಮೀಟರ್. ಹತ್ತು ನಿಮಿಷಕ್ಕೆ 35ರಿಂದ 40 ಸುತ್ತು ಆಗಬೇಕು. ತಿರುಗುವಾಗ ಒಂದೇ ಕಡೆ ತಿರುಗಿದರೆ ಮಂಡಿ ನೋಯುತ್ತದೆ, ಒಂದು ತುದಿಯಲ್ಲಿ ಬಲಕ್ಕೆ, ಇನ್ನೊಂದು ತುದಿಯಲ್ಲಿ ಎಡಕ್ಕೆ ತಿರುಗಿ. ಮೂರೂ ಊಟ ತಿಂಡಿಯ ಮೇಲೆ ಹತ್ತು ಹತ್ತು ನಿಮಿಷ ಮಾಡಿದರೆ ದಿನಕ್ಕೆ 30 ಆಯಿತು. ಉಂಡ ಮೇಲೆ ಏರುವ ಸಕ್ಕರೆಯನ್ನು ಕಾಲಿನ ಸ್ನಾಯು ಎಳೆದುಕೊಳ್ಳುವುದರಿಂದ ಈ ಹೊತ್ತೇ ಹೆಚ್ಚು ಲಾಭದ್ದು.

ಇದರ ಜೊತೆ ವಾರಕ್ಕೆ ಎರಡು ದಿನ ಶಕ್ತಿಯ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 12 ಸಲ, ಗೋಡೆಗೆ ಕೈಯಿಟ್ಟು ದಂಡ 12 ಸಲ, ಮೆಟ್ಟಿಲು ಹತ್ತಿ ಇಳಿಯುವುದು ಎರಡು ನಿಮಿಷ. ಇವನ್ನು ಮೂರು ಸುತ್ತು. ಏಳುವಾಗ ಉಸಿರು ಬಿಡಿ, ಹಿಡಿಯಬೇಡಿ. ಅಡಿಕೆ ಕೊಯ್ಲಿನ ಎರಡು ಮೂರು ತಿಂಗಳು ಮೈ ಮುರಿದು ದುಡಿದು ಉಳಿದ ದಿನ ಕೂತಿರುವವರಿಗೆ ಆ ದುಡಿಮೆ ವರ್ಷಪೂರ್ತಿ ಕಾಯುವುದಿಲ್ಲ.

ತೂಕದ ಗುರಿಯನ್ನೂ ಹೇಳಿಬಿಡುತ್ತೇನೆ. 74 ಕಿಲೋ ಇರುವವರು 5%, ಅಂದರೆ 3.7 ಕಿಲೋ ಇಳಿದರೆ ಲಿವರಿನ ಕೊಬ್ಬು ಕರಗಲು ಶುರುವಾಗುತ್ತದೆ. 7%, ಅಂದರೆ 5.2 ಕಿಲೋ ಇಳಿದರೆ ಉರಿಯೂತ ತಗ್ಗುತ್ತದೆ. 10%, ಅಂದರೆ 7.4 ಕಿಲೋ ಇಳಿದರೆ ಕಲೆಯೂ ಹಿಮ್ಮೆಟ್ಟಬಹುದು. ವಾರಕ್ಕೆ ಅರ್ಧ ಕಿಲೋ ಸಾಕು. ಉಪವಾಸ ಬಿದ್ದು ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು, ಲಿವರಿನ ಉರಿಯೂತವೂ ಕೆರಳಬಹುದು. ಸಣಕಲು ಮೈಯವರಿಗೂ ಫ್ಯಾಟಿ ಲಿವರ್ ಬರುತ್ತದೆ. ಅವರಿಗೆ 3ರಿಂದ 5% ಇಳಿದರೇ ಗುಣ ಕಾಣುತ್ತದೆ.

ಹೊಸನಗರದ ಓದುಗಿ

ಕಷಾಯದ ಪ್ರಶ್ನೆಗೆ ಯಾರೂ ಬಂದಿಲ್ಲ. ತಂಬುಳಿ, ಕಷಾಯ ನಮ್ಮ ಅಡುಗೆಯ ಭಾಗ. ಅವೂ ತಪ್ಪು ಅಂತೀರಾ?

ಔಷಧ ಕಪಾಟು, ಭದ್ರಾವತಿ

ತಂಬುಳಿ ತಪ್ಪಲ್ಲ ಅಮ್ಮ. ಒಂದು ಹಿಡಿ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಮಜ್ಜಿಗೆಗೆ ರುಬ್ಬಿ ಹಾಕುವುದು ಊಟ. ಅದೇ ಸೊಪ್ಪಿನ ಸಾರವನ್ನು ಹತ್ತು ಪಟ್ಟು ಗಟ್ಟಿ ಮಾಡಿ ಕ್ಯಾಪ್ಸೂಲಿಗೆ ತುಂಬಿ ಆರು ತಿಂಗಳು ನುಂಗುವುದು ಔಷಧ. ಔಷಧಕ್ಕೆ ಇರುವ ಅಪಾಯವೆಲ್ಲ ಅದಕ್ಕೂ ಇದೆ.

ಅಮೃತಬಳ್ಳಿಯನ್ನೇ ನೋಡಿ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಮನೆಮನೆಯಲ್ಲಿ ಕುದಿಸಿ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು, ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ, ಅದನ್ನು ಬಹುಕಾಲ ಕುಡಿದ ಕೆಲವರಲ್ಲಿ ಕಾಮಾಲೆ, ಲಿವರ್ ಉರಿಯೂತ ಕಂಡದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಈ ತೀರ್ಮಾನವನ್ನು ಒಪ್ಪಲಿಲ್ಲ. ಆದರೂ ಥೈರಾಯ್ಡ್‌ನಂಥ ಆಟೋಇಮ್ಯೂನ್ ತೊಂದರೆ (ರೋಗನಿರೋಧಕ ಶಕ್ತಿ ಸ್ವಂತ ಮೈಯ ಮೇಲೇ ತಿರುಗುವುದು) ಇರುವವರು, ಲಿವರ್ ಮೊದಲೇ ಸರಿಯಿಲ್ಲದವರು ಅದನ್ನು ಮುಟ್ಟದಿರುವುದು ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೆಲನೆಲ್ಲಿಯದ್ದು ಬೇರೆ ಕಥೆ. ಹೆಪಟೈಟಿಸ್ ಬಿ ವೈರಸ್ಸಿನ ಮೇಲೆ ಅದರ ಪರಿಣಾಮದ ಬಗ್ಗೆ ಮದರಾಸಿನ ಸಂಶೋಧಕರು 1988ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬರೆದಾಗ ಜಗತ್ತೇ ತಿರುಗಿ ನೋಡಿತು. ಆಮೇಲಿನ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಕಾಮಾಲೆಗೆ ನಾಟಿ ಔಷಧ "ಕೆಲಸ ಮಾಡುವಂತೆ" ಕಾಣಲು ಕಾರಣ ಸರಳ. ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಗುಣವಾಗುತ್ತದೆ. ಅಪಾಯ ಇರುವುದು ಉಳಿದವರಿಗೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ, ಗಡ್ಡೆ ಒತ್ತಿ, ಇಲಿಜ್ವರ ಬಂದು ಕಣ್ಣು ಹಳದಿಯಾದವರು ಸೊಪ್ಪಿನ ರಸ ಕುಡಿಯುತ್ತಾ ಹದಿನೈದು ದಿನ ಕಳೆದರೆ ಆ ದಿನಗಳು ಮರಳಿ ಬರುವುದಿಲ್ಲ. ಕಣ್ಣು ಹಳದಿಯಾದರೆ ಮೊದಲು ರಕ್ತಪರೀಕ್ಷೆ, ಸ್ಕ್ಯಾನಿಂಗ್. ಇದರಲ್ಲಿ ರಾಜಿ ಬೇಡ.

ಉಪ್ಪಾಗೆ ಸಿಪ್ಪೆ ನಮ್ಮ ಕಾಡಿನದ್ದೇ. ಅದರ ಸಾರ ಗಾರ್ಸಿನಿಯಾ ಎಂಬ ಹೆಸರಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರಾಟಕ್ಕಿದೆ. ಸಾರಿಗೆ ಎರಡು ಎಸಳು ಹಾಕುವುದಕ್ಕೆ ತೊಂದರೆಯಿಲ್ಲ. ಮಾತ್ರೆಯಿಂದ ಲಿವರ್ ಪೆಟ್ಟು ತಿಂದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಗ್ರೀನ್ ಟೀ ಸಾರದ ಮಾತ್ರೆಗೂ ಹಾಗೆಯೇ. ಫ್ಯಾಟಿ ಲಿವರ್ ಕರಗಿಸಲು ಹೋಗಿ ಇವನ್ನು ನುಂಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಪ್ಯಾರಾಸಿಟಮಾಲ್: ದೊಡ್ಡವರಿಗೆ 24 ಗಂಟೆಗೆ 4 ಗ್ರಾಂ ಗರಿಷ್ಠ. 650 ಮಿ.ಗ್ರಾಂ ಮಾತ್ರೆಯಾದರೆ ಆರಕ್ಕೇ 3.9 ಗ್ರಾಂ ಆಗುತ್ತದೆ. ದಿನಾ ಕುಡಿಯುವವರು, ಊಟ ಬಿಟ್ಟು ಮಲಗಿದವರು, ತೀರಾ ತೆಳ್ಳಗಿರುವವರು 2 ಗ್ರಾಂ ದಾಟಬಾರದು. ಎಡವಟ್ಟು ಆಗುವುದು ಹೀಗೆ: ಜ್ವರಕ್ಕೊಂದು, ಶೀತಕ್ಕೊಂದು, ಮೈಕೈ ನೋವಿಗೊಂದು ಪಟ್ಟಿ ತರುತ್ತಾರೆ. ಮೂರರ ಹಿಂದೆಯೂ ಸಣ್ಣಕ್ಷರದಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ಹೆಚ್ಚಾಗಿ ನುಂಗಿದ್ದು ಗೊತ್ತಾದರೆ ಹೊಟ್ಟೆನೋವು ಬರಲೆಂದು ಕಾಯಬೇಡಿ. ಅದಕ್ಕೆ ಪ್ರತಿಮದ್ದು ಇದೆ, ಎಂಟು ಗಂಟೆಯೊಳಗೆ ಕೊಟ್ಟರೆ ಅತ್ಯುತ್ತಮ ಫಲ.

ಕೊಲೆಸ್ಟ್ರಾಲಿಗೆ ವೈದ್ಯರು ಬರೆದ ಸ್ಟಾಟಿನ್ ಮಾತ್ರೆಯನ್ನು "ಲಿವರಿಗೆ ಹೀಟು" ಎಂದು ನೀವಾಗಿಯೇ ನಿಲ್ಲಿಸಬೇಡಿ. ಫ್ಯಾಟಿ ಲಿವರ್ ಇರುವವರಿಗೂ ಅದನ್ನು ಕೊಡಬಹುದು. ಇವರ ಸಾವಿನ ಕಾರಣಗಳಲ್ಲಿ ಮೊದಲನೆಯದು ಹೃದಯದ ಕಾಯಿಲೆಯೇ.

ತೋಟದ ದಾರಿ, ತೀರ್ಥಹಳ್ಳಿ

ಕುಡಿಯೋದರ ಬಗ್ಗೆ ಯಾರೂ ಲೆಕ್ಕ ಹಾಕ್ಲಿಲ್ಲ. ಒಂದು ಕ್ವಾರ್ಟರ್ ಅಂದ್ರೆ ಎಷ್ಟು ಆಲ್ಕೋಹಾಲ್ ಅಂತ ಬರೀರಿ, ಕೆಲಸಕ್ಕೆ ಬರೋರಿಗೆ ತೋರಿಸ್ಬೇಕು.

ಲ್ಯಾಬ್ ಮೇಜು, ಶಿವಮೊಗ್ಗ

ಕ್ವಾರ್ಟರ್ 180 ಮಿ.ಲೀ. ವಿಸ್ಕಿ, ರಮ್‌ನಲ್ಲಿ 42.8% ಆಲ್ಕೋಹಾಲ್. 180ರ 42.8% ಅಂದರೆ 77 ಮಿ.ಲೀ. ಅದನ್ನು 0.789ರಿಂದ ಗುಣಿಸಿದರೆ ಸುಮಾರು 61 ಗ್ರಾಂ. ಗ್ರಾಂಗೆ 7 ಕ್ಯಾಲೊರಿಯಂತೆ 425 ಕ್ಯಾಲೊರಿ, ನೆಂಚಿಕೊಳ್ಳುವ ಕರಿದ ಕಡಲೆ ಬಿಟ್ಟು. 650 ಮಿ.ಲೀ. ಬಿಯರ್ 5%ನದಾದರೆ 26 ಗ್ರಾಂ, 8%ನ ಸ್ಟ್ರಾಂಗ್ ಆದರೆ 41 ಗ್ರಾಂ. ಗಂಡಸರು ದಿನಕ್ಕೆ 30, ಹೆಂಗಸರು 20 ಗ್ರಾಂ ದಾಟಿದರೆ ವೈದ್ಯರು ಮದ್ಯವನ್ನೂ ಲಿವರ್ ಕಾಯಿಲೆಯ ಕಾರಣವೆಂದು ಎಣಿಸುತ್ತಾರೆ. ಅಷ್ಟರ ಒಳಗಾದರೆ ಕ್ಷೇಮ ಎಂದು ಇದರ ಅರ್ಥವಲ್ಲ. ಹೊಟ್ಟೆ ಕೊಬ್ಬು, ಸಕ್ಕರೆ ಕಾಯಿಲೆ ಜೊತೆಗಿದ್ದರೆ ಕಡಿಮೆ ಮದ್ಯವೂ ಹಾನಿಯನ್ನು ಹೆಚ್ಚಿಸುತ್ತದೆ. ಕಲೆ ಕಂಡವರಿಗೆ ಸೊನ್ನೆಯೇ ಸರಿ. ಬಗನಿ ಹೆಂಡ "ತಂಪು" ಎಂಬ ಮಾತಿಗೂ ಲಿವರಿಗೂ ಸಂಬಂಧವಿಲ್ಲ, ಹುಳಿ ಏರಿದಂತೆ ಅದರಲ್ಲಿರುವುದೂ ಅದೇ ಆಲ್ಕೋಹಾಲ್.

ಒಂದು ಎಚ್ಚರಿಕೆ: ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ನಿಲ್ಲಿಸಬೇಕು, ಆದರೆ ವೈದ್ಯರ ಕೈಕೆಳಗೆ, ಥಯಾಮಿನ್ ವಿಟಮಿನ್ ಜೊತೆ.

ತೋಟದ ದಾರಿ, ತೀರ್ಥಹಳ್ಳಿ

ಸಾರ್, ಉಪಕಾರ ಆಯ್ತು. ನಂಗೆ ಗೊತ್ತಿರೋ ಎರಡು ವಿಷಯ ಸೇರಿಸ್ತೀನಿ.

ಒಂದು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್, ಇದು ಎಲ್ಲರಿಗೂ ಗೊತ್ತು. ಮೈಲುತುತ್ತ ಅಂದ್ರೆ ತಾಮ್ರ ಅನ್ನೋದು ಮರೆತು ಹೋಗ್ತದೆ. ಪೋರ್ಚುಗಲ್ ದೇಶದಲ್ಲಿ ದ್ರಾಕ್ಷಿ ತೋಟಕ್ಕೆ ವರ್ಷಗಟ್ಟಲೆ ಬೋರ್ಡೋ ಹೊಡೆದವರ ಶ್ವಾಸಕೋಶದಲ್ಲಿ, ಲಿವರಿನಲ್ಲಿ ತಾಮ್ರ ಕೂತು ಗಂಟಾಗಿದ್ದನ್ನು ಅಲ್ಲಿಯ ವೈದ್ಯರು 1960, 70ರ ದಶಕಗಳಲ್ಲೇ ಬರೆದಿದ್ದಾರೆ. ಮರದ ಮೇಲಿಂದ ಹೊಡೆಯುವವನ ಮುಖಕ್ಕೇ ಹನಿ ತಿರುಗಿ ಬರ್ತದೆ. ಬಟ್ಟೆ ಕಟ್ಟಿಕೊಂಡರೆ ಒದ್ದೆಯಾಗಿ ಮೂಗಿಗೇ ಅಂಟ್ತದೆ, ವಾಲ್ವ್ ಇರೋ ಮಾಸ್ಕು, ಕನ್ನಡಕ ಬೇಕು. ಎಲ್ಲಕ್ಕಿಂತ ಮುಖ್ಯ, ಹೊಡೆಯುವಾಗ ಕವಳ (ಎಲೆಅಡಿಕೆ) ಹಾಕ್ಬಾರ್ದು. ಅದೇ ಕೈಯಲ್ಲಿ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟರೆ ಔಷಧಿ ಸೀದಾ ಹೊಟ್ಟೆಗೆ.

ಎರಡು, ಅಡಿಕೆ. ಬೆಳೆಯೋ ನಾವೇ ಹೇಳೋದು ಕಷ್ಟ, ಆದ್ರೂ ಹೇಳ್ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆ ಅಗಿಯೋದನ್ನ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಮುಖ್ಯವಾಗಿ ಬಾಯಿ ಕ್ಯಾನ್ಸರಿಗೆ. ತೈವಾನಿನ ಅಧ್ಯಯನಗಳಲ್ಲಿ ಅಡಿಕೆ ಅಗಿಯೋರಿಗೆ ಸಿರೋಸಿಸ್, ಲಿವರ್ ಕ್ಯಾನ್ಸರ್ ಹೆಚ್ಚು ಅಂತ ಕಂಡಿದೆ, ಹೆಪಟೈಟಿಸ್ ಬಿ ಜೊತೆಗಿದ್ರೆ ಇನ್ನೂ ಹೆಚ್ಚು. ಲಿವರ್ ರಿಪೋರ್ಟ್ ಸರಿಯಿಲ್ಲದೋರು ಕವಳ ಬಿಡೋದು ಒಳ್ಳೇದು.

ಬಾವಿಕಟ್ಟೆ

ಊಟ, ಔಷಧ ಆಯಿತು. ನೀರು ಉಳಿದಿದೆ. ಹೆಪಟೈಟಿಸ್ ಎ ಮತ್ತು ಇ ಹರಡುವುದು ಮಲ ಸೇರಿದ ನೀರಿನಿಂದ. ಮೊದಲ ಮಳೆಗೆ ಮೇಲಿನ ಕೊಳೆಯೆಲ್ಲ ಬಾವಿಗೆ ಇಳಿಯುತ್ತದೆ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಕಣ್ಣಿಗೆ ಸ್ಫಟಿಕದಂತಿದ್ದರೂ ಮೇಲೆ ದನ, ಮನುಷ್ಯರು ಓಡಾಡುವ ಜಾಗವಿದ್ದರೆ ನಂಬುವಂತಿಲ್ಲ. ಹೆಪಟೈಟಿಸ್ ಇ ತುಂಬು ಬಸುರಿಯರ ಜೀವಕ್ಕೇ ಎರವಾಗಬಲ್ಲದು. ಅಂಥವರು ಇರುವ ಮನೆಯಲ್ಲಿ ಕುದಿಸದ ನೀರು ಒಂದು ಗುಟುಕೂ ಬೇಡ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕುಡಿದರೆ ಕುದಿಸಿದ್ದು ವ್ಯರ್ಥ.

ಬಾವಿಗೆ ಬ್ಲೀಚಿಂಗ್ ಪೌಡರ್ ಲೆಕ್ಕ: ಬಾವಿಯ ಅಗಲ ಮತ್ತು ನೀರಿನ ಆಳವನ್ನು ಮೀಟರಿನಲ್ಲಿ ಅಳೆಯಿರಿ. 3.14 × ಅಗಲ × ಅಗಲ × ಆಳ, ಅದನ್ನು 4ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ 12,560 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ ಸುಮಾರು 31 ಗ್ರಾಂ ಪೌಡರ್. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ನೀರಿನ ಒಳಕ್ಕೆ ಇಳಿಸಿ ಮೇಲೆ ಕೆಳಗೆ ಜಗ್ಗಿ. ತಳದ ಸುಣ್ಣ ಬಾವಿಗೆ ಹಾಕಿದರೆ ನೀರು ಗಡಸಾಗುತ್ತದೆ. ಒಂದು ಗಂಟೆ ನೀರು ಎತ್ತಬಾರದು, ರಾತ್ರಿ ಹಾಕಿದರೆ ಅನುಕೂಲ. ಚೀಲ ತೆರೆದು ತಿಂಗಳಾಗಿ ವಾಸನೆ ಹೋದ ಪೌಡರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ನೀರು ಕೆಂಪಗೆ ಕದಡಿದ್ದರೆ ಮಣ್ಣೇ ಕ್ಲೋರಿನ್ ತಿಂದುಹಾಕುತ್ತದೆ, ತಿಳಿಯಾದ ಮೇಲೆ ಹಾಕಿ.

ಹೆಪಟೈಟಿಸ್ ಬಿ ನೀರಿನಿಂದ ಬರುವುದಿಲ್ಲ, ರಕ್ತ ಮತ್ತು ಮೈಯ ದ್ರವಗಳಿಂದ. ಒಣಗಿದ ರಕ್ತದಲ್ಲೂ ಏಳು ದಿನ ಜೀವಂತವಿರುತ್ತದೆ. ಕ್ಷೌರಕ್ಕೆ ಹೊಸ ಬ್ಲೇಡ್ ಕಣ್ಣೆದುರೇ ಹಾಕಿಸಿ, ರೇಜರ್ ಹಂಚಿಕೊಳ್ಳಬೇಡಿ. ಮಕ್ಕಳಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ. ಲಸಿಕೆ ಆಗದ ದೊಡ್ಡವರು ಮೊದಲು ರಕ್ತಪರೀಕ್ಷೆ, ಸೋಂಕು ಇಲ್ಲವೆಂದಾದರೆ 0, 1, 6ನೇ ತಿಂಗಳಿಗೆ ಮೂರು ಡೋಸ್. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ವ್ಯವಸ್ಥೆಯಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಚಿಕಿತ್ಸೆ ಉಚಿತ.

ಅಡುಗೆ ಅಳತೆ

ಮಳೆಗಾಲದ ಉಗ್ರಾಣದ ಬಗ್ಗೆ ಎರಡೇ ಮಾತು. ಬೂಸ್ಟು ಹಿಡಿದ ಶೇಂಗಾ, ಮೆಕ್ಕೆಜೋಳ, ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಲಿವರ್ ಕ್ಯಾನ್ಸರಿಗೆ ಅದು ಖಚಿತ ಕಾರಣ. ಹುರಿದರೆ, ಬೇಯಿಸಿದರೆ ಪೂರ್ತಿ ಹೋಗುವುದಿಲ್ಲ. ಬೂಸ್ಟು ಒರೆಸಿ ಬಳಸಬೇಡಿ, ದನಕ್ಕೂ ಹಾಕಬೇಡಿ, ಹಾಲಿನಲ್ಲಿ ತಿರುಗಿ ಬರುತ್ತದೆ. ಕಾಡಿನ ಅಣಬೆ ಗುರುತು ಸಿಗದಿದ್ದರೆ ಬಿಟ್ಟುಬಿಡಿ. ಲಿವರನ್ನೇ ಕೊಲ್ಲುವ ಜಾತಿಯ ವಿಷ ಕುದಿಸಿದರೂ ಹೋಗದು. ವಾಂತಿ ಭೇದಿ ಶುರುವಾಗುವುದೇ ಆರು ಗಂಟೆ ಕಳೆದ ಮೇಲೆ, ನಡುವೆ ಒಂದು ದಿನ ಗುಣವಾದಂತೆಯೂ ಕಾಣುತ್ತದೆ.

ಸಾಗರದವ

ಎಲ್ಲರಿಗೂ ವಂದನೆ. ಕೊನೆಯದಾಗಿ ಒಂದು: ಇದೆಲ್ಲ ಶುರು ಮಾಡಿದವರು ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು? ಎಂಥ ಲಕ್ಷಣ ಕಂಡರೆ ಅಲ್ಲಿಯವರೆಗೂ ಕಾಯಬಾರದು?

ಲ್ಯಾಬ್ ಮೇಜು, ಶಿವಮೊಗ್ಗ

ಕಣ್ಣು ಹಳದಿ, ಕೋಕಾಕೋಲಾ ಬಣ್ಣದ ಮೂತ್ರ, ಬಿಳಿಚಿದ ಮಲ, ಹೊಟ್ಟೆಯಲ್ಲಿ ನೀರು, ಕಾಲು ಊತ, ರಕ್ತವಾಂತಿ, ಕಪ್ಪು ಮಲ, ಹಗಲು ರಾತ್ರಿ ಅದಲುಬದಲಾದಂತೆ ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ. ಗದ್ದೆ ಕೆಲಸದ ಮೇಲೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಸೇರಿ ಬಂದರೆ ಇಲಿಜ್ವರ ಇರಬಹುದು. ಗದ್ದೆಗೆ ಇಳಿದದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಇಲ್ಲದಿದ್ದರೆ ಅವಸರ ಬೇಡ. ಎಎಲ್‌ಟಿ, ಎಎಸ್‌ಟಿ, ಪ್ಲೇಟ್‌ಲೆಟ್, ಮೂರು ತಿಂಗಳ ಸಕ್ಕರೆ ಸರಾಸರಿ ಇವನ್ನು ಮೂರರಿಂದ ಆರು ತಿಂಗಳಿಗೆ ಒಮ್ಮೆ ಅದೇ ಲ್ಯಾಬಿನಲ್ಲಿ ಮಾಡಿಸಿ. ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುವುದು ದುಡ್ಡು ದಂಡ, ಗ್ರೇಡ್ ಅಷ್ಟು ಬೇಗ ಬದಲಾಗದು. ಫೈಬ್ರೋಸ್ಕ್ಯಾನಿಗೆ ಹೋಗುವಾಗ ಮೂರು ಗಂಟೆ ಏನೂ ತಿನ್ನಬಾರದು, ಉಂಡು ಹೋದರೆ ಲಿವರ್ ಇದ್ದದ್ದಕ್ಕಿಂತ ಗಟ್ಟಿ ಎಂದು ತೋರಿಸುತ್ತದೆ.

ಮನೆಯಲ್ಲಿ ಅಳೆಯಬೇಕಾದದ್ದು ಸೊಂಟ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬಟ್ಟೆ ಸರಿಸಿ, ಉಸಿರು ಬಿಟ್ಟ ಮೇಲೆ ಟೇಪು ಹಿಡಿಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಹದಿನೈದು ದಿನಕ್ಕೊಮ್ಮೆ ಅಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದಲ್ಲೇ ಬರೆದಿಡಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಆ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ.